ಗುಂಡಿಗೆ ಬಿದ್ದ ಮಜ್ಜಿಗೆ

ರಾಯಚೂರಿನ ಲ್ಯಾಬಿನಲ್ಲಿ ಪಂಪಾಪತಿ ಸರ್ ಕುಣಿಯುವುದೊಂದೇ ಬಾಕಿ. ಪೋತ್ನಾಳದ ಉಪ್ಪು ಹಿಡಿದ ಸವುಳು ಹೊಲದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಯಾವ ಯಾವ ಜೀವಗಳಿವೆಯೆಂದು ಡಿಎನ್‌ಎ ತೆಗೆದು ಓದಿಸಿದರೆ, ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳೇ ರಾಶಿ ರಾಶಿ! ಇಂಥ ನೆಲದಲ್ಲಿ ಅವನ್ನು ಯಾರೂ ಕಂಡಿರಲಿಲ್ಲ.

"ದೊಡ್ಡ ಪೇಪರ್ ಆಗ್ತದ ಕಲ್ಯಾಣಿ, ಬರಿಯಾಕ ಕೂಡು."

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ದೇವದುರ್ಗದ ಕಲ್ಯಾಣಿಗೆ ಮಾತ್ರ ಯಾಕೋ ಸಮಾಧಾನವಾಗಲಿಲ್ಲ. ಆ ಮಣ್ಣನ್ನು ಅವಳು ತೆಗೆದದ್ದು ಎಳ್ಳ ಅಮಾವಾಸ್ಯೆಯ ದಿನ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಬಂದು ಭೂಮಿತಾಯಿಗೆ ಎಡೆಯೆಂದು ಹೊಲಗಳಲ್ಲಿ ಚರಗ ಚೆಲ್ಲುತ್ತಿತ್ತು. ಸರ್ ಬರೆಯಲು ಹೇಳಿದ ಮರುದಿನವೇ ಕಲ್ಯಾಣಿ ಬಸ್ಸು ಹತ್ತಿ, ಹೊಲದ ಒಡತಿ ಬಸವಂತಮ್ಮನ ಮುಂದೆ ಹೋಗಿ ನಿಂತಳು.

"ಯವ್ವಾ, ನಾ ತೋಡಿದ ಗುಂಡಿಗೆ ಏನರ ಹಾಕಿದ್ದೇನು?"

"ನೀ ಡಬ್ಬಿ ತರಾಕ ಆಟೋ ಕಡಿ ಹೋದಾಗ ಮಜ್ಜಿಗಿ ಹಾಕೀನಿ. ಭೂಮ್ತಾಯಿ ಹೊಟ್ಟಿ ಬಗದಿದ್ದಿ, ತಂಪಾಗ್ಲಿ ಅಂತ. ತಪ್ಪಾತೇನು?"

"ನಿಂದೇನೂ ತಪ್ಪಿಲ್ಲ ಬಿಡು."

ಕಲ್ಯಾಣಿ ಬೇರೆ ಕಡೆ ಗುಂಡಿ ತೋಡಿ, ಹೊಸ ಮಣ್ಣು ತುಂಬಿಕೊಂಡು ಲ್ಯಾಬಿಗೆ ಬಂದಳು. ವಿಷಯ ಕೇಳಿದ ಸರ್ ಮುಖ ಗಂಟು ಹಾಕಿಕೊಂಡರು.

"ಮಜ್ಜಿಗಿ ಕತಿ ಯಾರಿಗೆ ಗೊತ್ತಾಗ್ತದ? ಸುಮ್ನ ಬರಿ. ಇಲ್ಲಾಂದ್ರ ನಿನ್ನ ಪಿಎಚ್‌ಡಿ ಹೆಂಗ ಮುಗೀತದ ನಾನೂ ನೋಡ್ತೀನಿ."

ಕಲ್ಯಾಣಿ ಮಣ್ಣಿನ ಚೀಲವನ್ನು ಅವರ ಮೇಜಿನ ಮೇಲೆ ದಪ್ಪನೆ ಇಟ್ಟಳು.

"ನೋಡ್ರಿ ಸರ್. ನಾ ಈ ಮಣ್ಣು ಓದಿಸಿ, ಬಂದದ್ದು ಬರೀತೀನಿ. ಆ ಪೇಪರ್ ಹಾಕಬೇಕಂದ್ರ ಹಾಕ್ರಿ, ಅದ್ರಾಗ ನನ್ನ ಹೆಸರು ಬ್ಯಾಡ. ಬಸವಂತಮ್ಮಂದು ಹಾಕ್ರಿ. ಆ ಬ್ಯಾಕ್ಟೀರಿಯಾ ಆಕಿ ಮಜ್ಜಿಗಿ ಗಡಿಗ್ಯಾನವು."