ವೋಟಿಗೆ ಹೋದವರು

ಪೆಟ್ಟಿಗೆಯ ಒಂದು ಬದಿಗೆ ಮಗ ರಯಾನ್ ಹೆಗಲು ಕೊಟ್ಟ. ಇನ್ನೊಂದು ಬದಿಗೆ ಯಾರೂ ಇರಲಿಲ್ಲ. ಎಮಿಲ್ಡಾ ಇಗರ್ಜಿಯ ಬಾಗಿಲ ಕಡೆ ಮತ್ತೊಮ್ಮೆ ನೋಡಿದಳು. ಕೊನೆಗೆ ಶವಸಂಸ್ಕಾರದ ಕಂಪನಿಯವರೇ ಬಂದು ಅವಳ ಗಂಡ ಹೆರಾಲ್ಡನ ಪೆಟ್ಟಿಗೆಯನ್ನು ಎತ್ತಿದರು.

ಪಕ್ಕದ ಫ್ಲಾಟಿನ ಡಾಕ್ಟರ್ ವೈದೇಹಿ, ಮೈಸೂರಿನವಳು, ಮೆಲ್ಲಗೆ ಕೇಳಿದಳು: "ಅಂಕಲ್‌ಗೆ ಅಷ್ಟೊಂದು ಫ್ರೆಂಡ್ಸ್ ಇದ್ರಲ್ಲ ಆಂಟಿ, ಪ್ರತಿ ಭಾನುವಾರ ಬರ್ತಿದ್ರು?"

"ಎಲ್ಲ ವೋಟಿಗೆ ಹೋಗಿದ್ದಾರೆ. ಕಳಿಸಿದ್ದು ಇವರೇ ಅಲ್ವಾ."

*

ವೋಟಿನ ಪ್ರಾಯ ಬರುವ ಮೊದಲೇ ಹೆರಾಲ್ಡ್ ಉಡುಪಿ ಬಿಟ್ಟು ಸೀಶೆಲ್ಸ್ ದ್ವೀಪಕ್ಕೆ ಹೋಗಿ ದರ್ಜಿಯಾಗಿದ್ದ. ಎಮಿಲ್ಡಾ ಮದುವೆಯಾಗಿ ಹೋದದ್ದೂ ಅಲ್ಲಿಗೇ. ಅಲ್ಲಿನ ಪೌರತ್ವ ಕೈಗೆ ಬರುವಷ್ಟರಲ್ಲಿ ದಂಗೆಯಾಗಿ ಸರ್ಕಾರ ಉರುಳಿತು. ಅಂಗಡಿಗೆ ಬೀಗ ಹಾಕಿ ಇಬ್ಬರೂ ಲಂಡನ್ನಿಗೆ ಬಂದರು. ಕ್ರೋಯ್ಡನ್ನಿನ ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು, ಕಂಡವರ ಪ್ಯಾಂಟಿನ ಉದ್ದ ತಗ್ಗಿಸುತ್ತಲೇ ಅವನು ಮುದುಕನಾದ. ಭಾನುವಾರ ಪೂಜೆ ಮುಗಿದ ಮೇಲೆ ಲಂಡನ್ನಿನಲ್ಲಿದ್ದ ದ್ವೀಪದವರನ್ನೆಲ್ಲ ಮನೆಗೆ ಕರೆಯುತ್ತಿದ್ದ. ದ್ವೀಪದ ಪಾರ್ಲಿಮೆಂಟಿನ ಚುನಾವಣೆ ಬಂತು, ವಿಮಾನದ ಟಿಕೆಟ್ ಮಾಡಿಸಿ, ಹೋಗಿ ವೋಟು ಹಾಕಿ ಎಂದು ಬೆನ್ನು ಹತ್ತುತ್ತಿದ್ದ.

ಅವನು ಮಾತ್ರ ಜೀವಮಾನದಲ್ಲಿ ಎಲ್ಲೂ ವೋಟು ಹಾಕಿದವನಲ್ಲ. ಲಂಡನ್ನಿನ ಕೌನ್ಸಿಲ್ ಚುನಾವಣೆಗೆ ಎಮಿಲ್ಡಾ ಒಬ್ಬಳೇ ಹೋಗಿ ಬರುತ್ತಿದ್ದಳು. "ನೀವೂ ಬನ್ನಿ, ಇದೂ ವೋಟೇ ಅಲ್ವಾ," ಎಂದರೆ, "ನನ್ನ ಊರು ಇದಲ್ಲ ಮಾರಾಯ್ತಿ," ಎನ್ನುತ್ತಿದ್ದ. ಹಾಗಾದರೆ ಯಾವುದು ಎಂದು ಅವಳು ಒಮ್ಮೆಯೂ ಕೇಳಲಿಲ್ಲ.

ಗೆಳೆಯರಲ್ಲಿ ಕೊನೆಯವನಾದ ಅಂತ್ವಾನ್‌ನನ್ನು ವಿಮಾನ ಹತ್ತಿಸಿ ಬಂದ ಮರುದಿನ, ಟ್ರಾಮಿಗೆ ಕಾಯುತ್ತ ಕೂತಲ್ಲೇ ಹೆರಾಲ್ಡನ ಉಸಿರು ನಿಂತಿತು. ದ್ವೀಪದಲ್ಲಿ ಅವರೆಲ್ಲ ಎಲ್ಲಿ ಇಳಿದುಕೊಂಡಿದ್ದಾರೋ, ಎಮಿಲ್ಡಾಳಿಗೆ ತಿಳಿದಿರಲಿಲ್ಲ. ಅವರ ಲಂಡನ್ನಿನ ನಂಬರುಗಳು ಅಲ್ಲಿ ಹತ್ತುತ್ತಿರಲಿಲ್ಲ.

*

ಮಣ್ಣು ಮಾಡಿ ಬಂದ ಮೇಲೆ ಇಗರ್ಜಿಯ ಹಾಲಿನಲ್ಲಿ ಚಹಾ ಇಟ್ಟಿದ್ದರು. ವೈದೇಹಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು, ಹೊರಟಳು. ಕಾರು ತರುತ್ತೇನೆಂದು ಇಂಗ್ಲಿಷಿನಲ್ಲಿ ಹೇಳಿ ರಯಾನ್ ಹೊರಗೆ ಹೋದ. ಆಗ ಎಮಿಲ್ಡಾಳ ಚೀಲದೊಳಗೆ ಹೆರಾಲ್ಡನ ಮೊಬೈಲು ಹೊಡೆದುಕೊಂಡಿತು.

ಅಂತ್ವಾನ್. ಅವನ ಹಿಂದೆ ಡೋಲು, ಜನರ ಗದ್ದಲ. ಸರ್ಕಾರವೇನೋ ಎದುರು ಪಕ್ಷದವರದೇ, ಆದರೆ ನಮ್ಮ ಕ್ಷೇತ್ರ ನಾವು ಗೆದ್ದೆವು, ಎಲ್ಲಿ ಹೆರಾಲ್ಡ್, ಅವನಿಗೆ ಕೊಡು ಎಂದು ಒಂದೇ ಉಸಿರಿನಲ್ಲಿ ಹೇಳಿದ.

ಭಾನುವಾರಗಳಲ್ಲಿ ಕೇಳುತ್ತಿದ್ದರೂ ತಾನು ಎಷ್ಟೋ ವರ್ಷ ಆಡದ ದ್ವೀಪದ ಭಾಷೆಯಲ್ಲಿ ಎಮಿಲ್ಡಾ ಪದಗಳನ್ನು ಹುಡುಕಿದಳು. ಸಿಕ್ಕಿದ್ದು ಇಷ್ಟೇ:

"ಅವರು ಮಲಗಿದ್ದಾರೆ."

"ಎಬ್ಬಿಸು," ಎಂದ ಅಂತ್ವಾನ್ ನಗುತ್ತ. "ಇವತ್ತು ಮಲಗುವ ದಿನವಾ? ಎಬ್ಬಿಸು, ನಾನು ಕಾಯ್ತೇನೆ."

ಅವಳು ಫೋನನ್ನು ಕಿವಿಯಿಂದ ತೆಗೆದು ಮೇಜಿನ ಮೇಲೆ, ಯಾರೂ ಮುಟ್ಟದ ಚಹಾದ ಕಪ್ಪುಗಳ ನಡುವೆ ಇಟ್ಟಳು. ಖಾಲಿ ಕುರ್ಚಿಗಳ ಆ ಹಾಲಿನಲ್ಲಿ ಡೋಲು ಸಣ್ಣಗೆ ಕೇಳುತ್ತಲೇ ಇತ್ತು.