ಒಲೆ ಹಿಂದಿನ ಗೋಡೆ

ನಮ್ಮ ಅತ್ತೆ ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟಿದ್ದರು. ಒಂದು ದಿನ ಅವರು ಒಲೆಯ ಮೇಲೆ ಎಣ್ಣೆ ಇಟ್ಟು ಫೋನಿನಲ್ಲಿ ಮಾತಿಗೆ ಕೂತಿದ್ದಾಗ ಬಾಣಲೆ ಹೊತ್ತಿಕೊಂಡಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಗೋಡೆ ಮಾತ್ರ ಮಸಿ ಹಿಡಿದು ಕಪ್ಪಾಯಿತು. ಅದಕ್ಕೂ ಮುಂಚೆ ಅಲ್ಲಿ ಅವರದ್ದೇ ದರ್ಬಾರು. ಎಡಚರಾದ್ದರಿಂದ ಎಲ್ಲವೂ ಒಲೆಯ ಎಡಕ್ಕೇ ಇರಬೇಕು. ಒಂದು ಸೌಟು ಆಚೀಚೆ ಆದರೂ ನನಗೆ ಮಂಗಳಾರತಿ. ಈಗ ಬಾಗಿಲಲ್ಲೇ ನಿಂತು, "ಆ ಕಲೆ ಹೋಗ್ಲಿ, ಬರ್ತೀನಿ. ಅದನ್ನ ನೋಡಿದ್ರೆ ಕೈ ನಡುಗುತ್ತೆ ಕಣೇ," ಎನ್ನುತ್ತಿದ್ದರು.

ಕಲೆಯೋ, ಹೋಗುವ ಜಾತಿಯದ್ದಲ್ಲ. ನನ್ನ ಗಂಡ ಮನೆಯಲ್ಲಿ ಉಳಿದಿದ್ದ ಪ್ರೈಮರ್ ಮೊದಲು ಬಳಿದು, ಅದರ ಮೇಲೆ ಬಿಳಿ ಬಣ್ಣ ಹೊಡೆದರು. ಬೆಳಗ್ಗೆ ನೋಡಿದರೆ ಚಹಾ ಚೆಲ್ಲಿದಂತೆ ಕಂದು ಕಲೆ.

"ಇನ್ನೊಂದು ಕೋಟ್ ಹೊಡೆದ್ರೆ ಮುಚ್ಚೋಗುತ್ತೆ ಬಿಡು," ಎಂದರು. ಮತ್ತೆ ಹೊಡೆದರು. ಮತ್ತೆ ಬಂತು. ಅತ್ತೆ ಬಾಗಿಲಿಂದಲೇ ನೋಡಿ ತಿರುಗಿ ಹೋದರು. ನನ್ನ ಗಂಡ ಮೂರನೇ ಸಲ ಡಬ್ಬ ತೆರೆಯುವುದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಕೈಯಿಂದ ಬ್ರಶ್ ಕಿತ್ತುಕೊಂಡು ಸೀದಾ ಬಣ್ಣದಂಗಡಿಗೆ ನಡೆದೆ.

"ನೀರು ಬೆರೆಸೋ ಪ್ರೈಮರ್ ತಾನೇ ಹೊಡೆದಿದ್ದು?" ಕಲೆಯ ಕಥೆಯೆಲ್ಲ ಕೇಳಿ ಅಂಗಡಿಯಾಕೆ ಅಂದಳು.

"ಪ್ರೈಮರ್ ಅಂದ್ರೆ ಪ್ರೈಮರ್ ಅಲ್ವೇನ್ರೀ?"

"ಚಪ್ಪಲಿ ಅಂದ್ರೆ ಚಪ್ಪಲಿ ಅಂತ ಕಂಡೋರದ್ದು ಮೆಟ್ಕೊಂಡು ಹೋಗ್ತೀರಾ? ಹೊಗೆ ಕಲೆ ಆ ನೀರಲ್ಲಿ ನೆನೆದು ಮೇಲಕ್ಕೆ ಬರುತ್ತೆ. ಸೋಪಿನ ನೀರಲ್ಲಿ ತಿಕ್ಕಿ ತೊಳೀರಿ, ಚೆನ್ನಾಗಿ ಒಣಗಲಿ. ಆಮೇಲೆ ಈ ಕಲೆ ತಡೆಯೋ ಆಯಿಲ್ ಪ್ರೈಮರ್. ಕಿಟಕಿ ತೆಗೆದಿಡಿ. ವಾಸನೆ ಹೋಗೋವರೆಗೂ ಬೆಂಕಿ ಹತ್ತಿರ ಸುಳೀಬಾರದು."

ಬೆಂಕಿಯ ಮಾತು ನಮಗೆ ಎರಡು ಸಲ ಹೇಳಬೇಕಿರಲಿಲ್ಲ. ಒಲೆ, ಸಿಲಿಂಡರ್, ಡಬ್ಬಗಳು ಎಲ್ಲ ಹೊರಗೆ ಸಾಗಿದವು. ಊಟ ಪಕ್ಕದ ಮನೆಯಿಂದ. ನಾನು ಗೋಡೆ ತಿಕ್ಕಿದೆ. ನನ್ನ ಗಂಡ ಬಕೆಟ್ಟು ಹೊತ್ತರು. ಗೋಡೆ ಒಣಗಿದ ಮೇಲೆ ಪ್ರೈಮರ್, ಅದೂ ಒಣಗಿದ ಮೇಲೆ ಬಣ್ಣ.

ಮರುದಿನ ಗೋಡೆ ಬಿಳಿಯಾಗಿಯೇ ಇತ್ತು. ನಂಬಿಕೆ ಬರದೆ ಇನ್ನೂ ಕೆಲವು ದಿನ ಕಾದೆವು. ಆಗಲೂ ಬಿಳಿಯೇ. ವಾಸನೆಯೂ ಪೂರ್ತಿ ಹೋಗಿತ್ತು. ಸಾಮಾನನ್ನೆಲ್ಲ ಒಳಗೆ ತಂದು, ನನ್ನ ಕೈಗೆ ಸಿಗುವ ಹಾಗೆ ಜೋಡಿಸಿ, ಅತ್ತೆಯನ್ನು ಕರೆದೆ.

ಅವರು ಹೊಸ್ತಿಲ ಬಳಿ ತುಂಬ ಹೊತ್ತು ನಿಂತರು. ಆಮೇಲೆ ಒಳಗೆ ಬಂದರು. ಹೆಬ್ಬೆರಳನ್ನು ನೀರಿನಲ್ಲಿ ಅದ್ದಿ, ಒಲೆಯ ಹಿಂದಿನ ಗೋಡೆಯನ್ನು ಒತ್ತಿ ಉಜ್ಜಿದರು. ಬೆರಳು ನೋಡಿಕೊಂಡರು. ಏನೂ ಅಂಟಿರಲಿಲ್ಲ.

ಚಹಾಕ್ಕೆ ನೀರಿಟ್ಟು ಒಲೆ ಹೊತ್ತಿಸಿದರು. ಉರಿ ಸಣ್ಣದು ಮಾಡಿ ಒಲೆಯ ಮುಂದೆಯೇ ನಿಂತರು. ಸಕ್ಕರೆಗೆಂದು ಎಡಗೈ ಚಾಚಿದರು. ಅಲ್ಲಿ ಡಬ್ಬ ಇರಲಿಲ್ಲ.

"ಸಕ್ಕರೆ ಡಬ್ಬ ಆ ಕಡೆ ಇಟ್ಟೋರು ಯಾರೇ? ಎರಡು ದಿನ ನಾನಿಲ್ಲ ಅಂದ್ರೆ ಅಡುಗೆಮನೇನೇ ತಿರುಗಿಸಿಬಿಡ್ತೀರಲ್ಲ!"

"ನಾನೇ ಅತ್ತೆ," ಎಂದೆ. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು! ಖುಷಿಗೆ ಕಣ್ಣು ತುಂಬಿಬಂತು. ಡಬ್ಬ ತಂದು ಅವರ ಎಡಗೈಗೇ ಕೊಟ್ಟೆ.