ಎದೆ ನಲವತ್ತೆರಡು

ನಮ್ಮ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುವುದಕ್ಕೆ ಒಂದು ಕ್ರಮವಿದೆ. ಟೇಪು ಹಿಡಿದವರು ಅಂಕಿ ಕೂಗಬೇಕು, ಪುಸ್ತಕ ಹಿಡಿದವರು ಅದನ್ನು ತಿರುಗಿ ಹೇಳಿ ಬರೆದುಕೊಳ್ಳಬೇಕು. ತಿರುಗಿ ಹೇಳುವ ತನಕ ಟೇಪು ಮುಂದಕ್ಕೆ ಹೋಗುವ ಹಾಗಿಲ್ಲ. ಅಪ್ಪ ಮಾಡಿಟ್ಟ ಕ್ರಮ. ಅಪ್ಪ ಕೂಗುತ್ತಿದ್ದರು, ಅಮ್ಮ ಬರೆಯುತ್ತಿದ್ದಳು. ಆಮೇಲೆ ಅಮ್ಮನ ಕಣ್ಣಿಗೆ ಪೊರೆ ಬಂದು ಕಾಣದಾಯಿತು, ಅಪ್ಪನೂ ಹೋದರು, ಎರಡೂ ಕೆಲಸ ನನ್ನ ತಲೆಗೆ ಬಿತ್ತು. ಈಗ ನಾನೇ ಕೂಗಿ ನಾನೇ ತಿರುಗಿ ಹೇಳಿಕೊಳ್ಳುತ್ತೇನೆ. ಗಿರಾಕಿಗಳು ನಗುತ್ತಾರೆ. ನಗಲಿ, ನನ್ನ ಗಂಟೇನು ಹೋಗುತ್ತದೆ.

ನನ್ನ ತಮ್ಮ ಗುಂಡನ ಅಳತೆಯನ್ನು ಮಾತ್ರ ಫೋನಿನಲ್ಲಿ ಬರೆದುಕೊಂಡೆ. ಟೇಪಿಲ್ಲದೆ. ಮೂವತ್ತು ವರ್ಷದ ಕಸುಬಿನಲ್ಲಿ ಯಾವ ಗಿರಾಕಿಗೂ ಮಾಡದ ತಪ್ಪು ಅದು.

ಅವನು ಪರದೇಶಕ್ಕೆ ಹೋಗಿ ಎಂಟು ವರ್ಷ. ಗೋದಾಮಿನಲ್ಲಿ ಲಾರಿಗೆ ಸರಕು ತುಂಬಿಸುವ ಕೆಲಸ. ಹೋಗುವಾಗ ಎದೆ ಮೂವತ್ತೆಂಟು. ನಾಲ್ಕು ತಿಂಗಳ ಹಿಂದೆ ಫೋನ್ ಮಾಡಿ, "ಅಕ್ಕಾ, ಬರ್ತಾ ಇದೀನಿ, ನಿನ್ ಕೈಯಾರೆ ಒಂದು ಬಿಳಿ ಅಂಗಿ ಹೊಲ್ದಿಡು" ಎಂದ.

"ಮೊದ್ಲು ಬಾ. ಮೂರು ವರ್ಷದಿಂದ ಬರ್ತೀನಿ ಬರ್ತೀನಿ ಅಂತ ಕಿವಿ ಮೇಲೆ ಹೂವು ಇಡ್ತಾನೇ ಇದೀಯ."

"ಈ ಸಲ ಗ್ಯಾರಂಟಿ ಅಕ್ಕಾ. ಆದ್ರೆ ಹಳೇ ಅಳತೆ ನಡೆಯಲ್ಲ. ಇಲ್ಲಿ ತಿಂದೂ ತಿಂದೂ ಊದ್ಕೊಂಡಿದೀನಿ. ಎದೆ ನಲವತ್ತೆರಡು ಹಾಕು."

"ನಲವತ್ತೆರಡು," ಎಂದು ತಿರುಗಿ ಹೇಳಿ ಬರೆದುಕೊಂಡೆ. ಪಕ್ಕದಲ್ಲಿದ್ದ ಅಮ್ಮ ಹಿಗ್ಗಿಹೋದಳು. ಮಗ ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು. ನಾನು ಅಂಗಿ ಹೊಲಿಯಲಿಲ್ಲ. ಅಪ್ಪ ಸತ್ತಾಗಲೂ ಬರದವನಿಗೆ ಅಂಗಿ ಬೇರೆ ಕೇಡು ಎಂಬ ಸಿಟ್ಟು ನನಗೆ.

ಅವನು ಸತ್ತ ಸುದ್ದಿ ಬಂದ ಮೇಲೆ ಹೊಲಿದೆ. ಏನಾಗಿತ್ತೆಂದು ಯಾರೂ ಬಿಡಿಸಿ ಹೇಳಲಿಲ್ಲ. ಪೆಟ್ಟಿಗೆ ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಆಸ್ಪತ್ರೆಯ ಕಾಗದ ಇದ್ದರೆ ಪೊಲೀಸರ ಕಾಗದ ಇಲ್ಲ, ಅದೂ ಸಿಕ್ಕಿದರೆ ರಾಯಭಾರ ಕಚೇರಿಗೆ ರಜೆ. ಬೆಳಿಗ್ಗೆ ಫೋನಿಗೆ ಅಂಟಿಕೊಂಡಿರುತ್ತಿದ್ದೆ, ಮಧ್ಯಾಹ್ನ ಮಷೀನಿಗೆ. ಕಾಲರು ಕೂರಿಸಿದೆ, ಕಾಜಾ ತೆಗೆದೆ, ಗುಂಡಿ ಹಾಕಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನದ ದವಡೆಯ ಹಾಗೆ ಒಳಗೆಲ್ಲ ಮರಗಟ್ಟಿತ್ತು. ಇದ್ದದ್ದು ಒಂದೇ ಹಟ: ಅವನು ಹೋಗುವಾಗ ನನ್ನ ಅಂಗಿ ತೊಟ್ಟು ಹೋಗಬೇಕು.

ವಿಮಾನ ನಿಲ್ದಾಣದ ಸರಕು ಶೆಡ್ಡಿನಲ್ಲಿ ಗುಮಾಸ್ತ ತಲೆ ಎತ್ತದೆ ಕೇಳಿದ, "ಎಷ್ಟು ಪೀಸು?"

"ನನ್ನ ತಮ್ಮ," ಎಂದೆ.

ಅವನು ತಲೆ ಎತ್ತಿದ. ಪಾಪ, ಮುಖ ಇಷ್ಟೇ ಇಷ್ಟಾಯಿತು. ಆದರೂ ಕಾಗದದಲ್ಲಿ ಬರೆಯಲೇಬೇಕಲ್ಲ, ಒಂದು ಎಂದು ಬರೆದ. ನಾನು ರುಜು ಹಾಕಿದೆ. ಪಕ್ಕದಲ್ಲಿ ಯಾರದೋ ಫ್ರಿಜ್ಜು ಇತ್ತು, ಅದಕ್ಕೂ ಇಂಥದ್ದೇ ಚೀಟಿ.

ಪೆಟ್ಟಿಗೆಯ ಜೊತೆ, ಅದೇ ವಿಮಾನದಲ್ಲಿ, ತಮ್ಮನ ರೂಮಿನಲ್ಲಿದ್ದ ವೆಲ್ಡರ್ ಬಂದಿದ್ದ. ದಾರಿಯುದ್ದಕ್ಕೂ ತೊಡೆಯ ಮೇಲೆ ತಮ್ಮನ ಬ್ಯಾಗು ಇಟ್ಟುಕೊಂಡು ಕೂತಿದ್ದ.

ನಮ್ಮ ಮನೆ ಅಂಗಡಿಯ ಹಿಂದೆಯೇ. ಅಷ್ಟುದ್ದದ ಪೆಟ್ಟಿಗೆ ಇಡುವುದಕ್ಕೆ ಇದ್ದದ್ದು ಬಟ್ಟೆ ಕತ್ತರಿಸುವ ಮೇಜೊಂದೇ. ಹನ್ನೆರಡಕ್ಕೆ ಎತ್ತಬೇಕು ಎಂದು ಹಿರಿಯರು ಹೇಳಿ ಹೊರಗೆ ಕೂತರು. ಆಗ ಹತ್ತು ಗಂಟೆ. ಅಮ್ಮ ಒಳಕೋಣೆಯಿಂದಲೇ, "ಬೇಗ ಅಂಗಿ ಹಾಕೇ, ನಾನವನನ್ನ ಮುಟ್ಟಿ ನೋಡ್ಬೇಕು" ಎಂದಳು.

ವೆಲ್ಡರನೇ ಮುಚ್ಚಳ ತೆಗೆದ. ಬಿಳಿ ಬಟ್ಟೆ ಸರಿಸಿದೆ.

ಗುಂಡ ಅಲ್ಲಿರಲಿಲ್ಲ. ಹುಬ್ಬು ಅವನದೇ, ಹುಬ್ಬಿನ ಮೇಲಿನ ಗಾಯದ ಗುರುತು ಅವನದೇ, ಚಿಕ್ಕವನಿದ್ದಾಗ ಇದೇ ಮೇಜಿನ ಮೂಲೆ ತಗುಲಿ ಆದದ್ದು. ಉಳಿದದ್ದೆಲ್ಲ ಮೂಳೆ. ನಾವಿಬ್ಬರೂ ಸೇರಿ ಅಂಗಿ ತೊಡಿಸಿದೆವು. ಅದು ಅವನ ಮೈಮೇಲೆ ನಿಲ್ಲಲೇ ಇಲ್ಲ. ಕಾಲರಿನೊಳಗೆ ನನ್ನ ಇಡೀ ಅಂಗೈ ಹೋಯಿತು.

"ಏನಪ್ಪಾ ಇದು? ಊದ್ಕೊಂಡಿದೀನಿ ಅಂದಿದ್ನಲ್ಲ?"

ವೆಲ್ಡರ್ ನೆಲ ನೋಡುತ್ತಾ ಹೇಳಿದ, "ಎರಡು ವರ್ಷದಿಂದ ಹೊಟ್ಟೆ ಕಾಯಿಲೆ ಅಕ್ಕಾ. ತಿಂದಿದ್ದು ದಕ್ತಿರ್ಲಿಲ್ಲ. ಫೋನಲ್ಲಿ ಮುಖ ತೋರಿಸ್ತಿರ್ಲಿಲ್ಲ ನೋಡಿ, ಅದಕ್ಕೇ. ಅಮ್ಮಂಗೆ ಗೊತ್ತಾಗ್ಬಾರ್ದು ಅಂತ ನನ್ನಿಂದ ಆಣೆ ಹಾಕಿಸ್ಕೊಂಡಿದ್ದ."

ನೆಟ್‌ವರ್ಕ್ ಸರಿಯಿಲ್ಲ ಎನ್ನುತ್ತಿದ್ದ. ನಾನು ನಂಬಿದ್ದೆ.

ವೆಲ್ಡರ್ ಬ್ಯಾಗಿನಿಂದ ಒಂದು ನೀಲಿ ಅಂಗಿ ತೆಗೆದುಕೊಟ್ಟ. ಎಂಟು ವರ್ಷದ ಹಿಂದೆ ನಾನು ಹೊಲಿದುಕೊಟ್ಟದ್ದು. ಒಳಗನ್ನು ಹೊರಗೆ ಮಾಡಿ ನೋಡಿದೆ. ಪಕ್ಕದಲ್ಲಿ ನನ್ನ ಮಷೀನಿನ ಹೊಲಿಗೆ. ಅದರ ಒಳಗೆ ಒಂದಿಂಚು ಬಿಟ್ಟು ಕಪ್ಪು ದಾರದ ಕೈಹೊಲಿಗೆ, ಸೊಟ್ಟಪಟ್ಟ. ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ದರ್ಜಿಯ ಮಗನಾಗಿ ಹುಟ್ಟಿಯೂ ಸೂಜಿಗೆ ದಾರ ಪೋಣಿಸಲು ಬಾರದವನು, ಮೂರು ಸಲ ತನ್ನ ಅಂಗಿಯನ್ನು ತಾನೇ ಹಿಡಿದು ಚಿಕ್ಕದು ಮಾಡಿಕೊಂಡಿದ್ದ.

ಕತ್ತೆ. ಒಂದು ಮಾತು ಹೇಳಬಾರದಿತ್ತೇ? ಕೂಗಾಡುತ್ತಿದ್ದೆ, ಬೈಯುತ್ತಿದ್ದೆ, ಆಮೇಲೆ ಹೇಗಾದರೂ ಮಾಡಿ ಕರೆಸಿಕೊಳ್ಳುತ್ತಿದ್ದೆ.

ಅಳು ಬರುತ್ತದೇನೋ ಎಂದು ಸ್ವಲ್ಪ ಹೊತ್ತು ನಿಂತೆ. ಬರಲಿಲ್ಲ. ಸುಳ್ಳು ಕಂಡರೆ ನನಗಾಗದು, ಊರಿಗೆಲ್ಲ ಗೊತ್ತು. ಆದರೆ ಒಳಗೆ ಕೂತ ಅಮ್ಮನಿಗೆ ಉಳಿದಿದ್ದದ್ದು ಮಗ ಹೊಟ್ಟೆ ತುಂಬ ಉಂಡ ಎಂಬ ಮಾತೊಂದೇ. ಅದನ್ನೂ ಕಿತ್ತುಕೊಂಡರೆ ಅವಳು ಉಳಿಯುತ್ತಾಳೆಯೇ? ಸೂಜಿ ತಗೊಂಡೆ. ಹೆಚ್ಚಾದ ಬಟ್ಟೆಯನ್ನೆಲ್ಲ ಬೆನ್ನಿನ ಹಿಂದಕ್ಕೆ ಎಳೆದು, ಮಡಿಸಿ, ಉದ್ದುದ್ದ ಹೊಲಿಗೆ ಹಾಕಿದೆ. ಮುಂದಿನಿಂದ ಅಂಗಿ ಅಂಟಿಸಿದ ಹಾಗೆ ಕೂತಿತು. ಮುಖಕ್ಕೆ ಬಟ್ಟೆ ಹೊದಿಸಿದೆ. ಅಮ್ಮನನ್ನು ಕೈಹಿಡಿದು ಕರೆತಂದೆ.

"ಮುಖ ಮುಟ್ಬಾರ್ದಂತೆ ಅಮ್ಮ, ಔಷಧಿ ಹಾಕಿದಾರೆ," ಎಂದೆ. "ಮೈಕೈ ತುಂಬ್ಕೊಂಡಿದಾನೆ. ಅಂಗಿ ನಲವತ್ತೆರಡೇ, ಸರಿಯಾಗಿ ಕೂತಿದೆ."

ಅಮ್ಮನವು ನಲವತ್ತು ವರ್ಷ ಕಾಜಾ ಗುಂಡಿ ಮಾಡಿದ ಬೆರಳುಗಳು. ಗುಂಡಿಗಳನ್ನು ಒಂದೊಂದಾಗಿ ಮುಟ್ಟಿದಳು. ಎದೆ ಸವರಿದಳು. ಕೈ ಭುಜಕ್ಕೆ ಹೋಯಿತು. ಅಯ್ಯೋ, ಭುಜ! ತೋಳು ಕೂಡಿಸಿದ ಹೊಲಿಗೆ ಭುಜದಿಂದ ಜಾರಿ ರಟ್ಟೆಯ ಮೇಲೆ ಬಿದ್ದಿತ್ತು. ಅಮ್ಮನ ಬೆರಳು ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಇಳಿದು, ಬೆನ್ನಿನಡಿಗೆ ಹೋಗಿ, ಮಡಿಕೆಯನ್ನು ಹಿಡಿಯಿತು.

"ಎಷ್ಟು ಹಿಡಿದಿದೀಯ?"

ಗಿರಾಕಿಯ ಅಂಗಿಯ ಬಗ್ಗೆ ಕೇಳುವ ಹಾಗೇ ಕೇಳಿದಳು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

"ಹತ್ತಿಂಚು."

ವೆಲ್ಡರ್ ಗೋಡೆಗೆ ಮುಖ ಮಾಡಿದ.

"ಬಿಚ್ಚು," ಎಂದಳು ಅಮ್ಮ. "ಅಂಗಿ ತೆಗಿ. ಅಳತೆ ತಗೊಂಡು ಸರಿಯಾಗಿ ಹೊಲಿ. ಬೇರೆಯವ್ರ ಅಂಗಿ ಹಾಕ್ಕೊಂಡು ಹೋದ ಹಾಗೆ ಹೋಗೋದು ಬೇಡ ಅವನು. ಟೈಮೆಷ್ಟು?"

"ಹನ್ನೊಂದಾಗ್ತಾ ಬಂತು."

"ಒಂದು ಗಂಟೆ ಸಾಕು ನಿನಗೆ. ಪುಸ್ತಕ ಕೊಡಿಲ್ಲಿ."

ಕೊಟ್ಟೆ. ಮೇಜಿನ ಪಕ್ಕದ ಹಳೆಯ ಸ್ಟೂಲಿನ ಮೇಲೆ, ಅಪ್ಪನಿದ್ದಾಗ ಕೂರುತ್ತಿದ್ದ ಹಾಗೇ ಕೂತು, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡಳು. ನಾನು ಕೊರಳಿಂದ ಟೇಪು ತೆಗೆದೆ.

"ಉದ್ದ ಇಪ್ಪತ್ತೊಂಬತ್ತು."

"ಇಪ್ಪತ್ತೊಂಬತ್ತು," ಎಂದಳು ಅಮ್ಮ. ಹಾಳೆಯ ಮೇಲೆ ದೊಡ್ಡ ದೊಡ್ಡ ಅಂಕಿ ಬರೆದಳು.

"ಭುಜ ಹದಿನೈದು."

"ಹದಿನೈದು."

"ಕೊರಳು ಹದಿಮೂರು."

"ಹದಿಮೂರು."

ವೆಲ್ಡರ್ ಅವನನ್ನು ಸ್ವಲ್ಪ ಎತ್ತಿ ಹಿಡಿದ. ಬೆನ್ನಿನಡಿಯಿಂದ ಟೇಪು ತಂದು ಎದೆಯ ಮೇಲೆ ಕೂಡಿಸಿದೆ. ಅಂಕಿ ನೋಡಿದೆ. ಇನ್ನೊಂದು ಸಲ ನೋಡಿದೆ.

"ಎದೆ ಮೂವತ್ತೆರಡು."

ಅಮ್ಮ ತಿರುಗಿ ಹೇಳಲಿಲ್ಲ. ಪೆನ್ಸಿಲು ಹಾಳೆಯ ಮೇಲೆ ನಿಂತೇ ಇತ್ತು.

ಅವಳು ಹೇಳುವ ತನಕ ಟೇಪು ತೆಗೆಯುವ ಹಾಗಿಲ್ಲ. ತಮ್ಮನ ಎದೆಯ ಮೇಲೆ ಟೇಪಿನ ಎರಡು ತುದಿ ಕೂಡಿಸಿ ಹಿಡಿದುಕೊಂಡು ನಾನು ನಿಂತೇ ಇದ್ದೆ.